ಗಾಯವಿಲ್ಲದ ಹಾವು ಕಡಿತ

ಮಾಗಳದಂತಹ ತುಂಗಭದ್ರೆಯ ದಂಡೆಯ ಊರುಗಳಲ್ಲಿ ರಾತ್ರಿ ಗದ್ದೆಗೆ ನೀರು ಹಾಯಿಸುವ ಕಾಯಕಜೀವಿಗಳಿಗೆ ಹಾವಿನ ಭಯ ಹೊಸದಲ್ಲ. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ವಿಧಿಸಿತು. ಆದರೆ ವರದಿಗೆ ಮೊದಲು ರೋಗನಿರ್ಣಯವಾಗಬೇಕು, ತೊಡಕಿರುವುದು ಅಲ್ಲಿಯೇ.

ಕಟ್ಟುಹಾವು ಸಾಮಾನ್ಯವಾಗಿ ಇರುಳಿನಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಅದರ ಹಲ್ಲು ಅತಿ ಚಿಕ್ಕದು. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿಯಿಂದ ಎಚ್ಚರಗೊಂಡವರನ್ನು ಮನೆಯವರು ಅಜೀರ್ಣವೆಂದು ಭಾವಿಸಿ ಕಷಾಯ ಕುಡಿಸುತ್ತಾರೆ. ವೈದ್ಯರೂ ಮೋಸಹೋಗುವುದುಂಟು. ಬಳಿಕ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಈ ಸ್ಥಿತಿಯಲ್ಲಿ ರೋಗಿಯು ಮೃತನಂತೆ ಕಂಡರೂ ಒಳಗೆ ಪ್ರಜ್ಞೆ ಉಳಿದಿರಬಹುದು. ಕೃತಕ ಉಸಿರಾಟದ ನೆರವಿನಿಂದ ದಿನಗಳ ನಂತರ ಪೂರ್ಣ ಗುಣಮುಖರಾದವರಿದ್ದಾರೆ. ಆದ್ದರಿಂದ ನೆಲದಲ್ಲಿ ಮಲಗಿದ್ದವರಿಗೆ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ, ಹಾವನ್ನು ಯಾರೂ ಕಾಣದಿದ್ದರೂ ಆ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಮಂಡಲದ ಹಾವುಗಳ ವಿಷ ರಕ್ತವನ್ನು ಕೆಡಿಸುತ್ತದೆ. ಇದರ ಪರೀಕ್ಷೆ ಸರಳ: ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಾಗಿಸಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷವೇರಿದೆ ಎಂದರ್ಥ. ಸಾಬೂನಿನಿಂದ ತೊಳೆದ ನಳಿಕೆಯಾದರೆ ಫಲಿತಾಂಶವೇ ತಪ್ಪಾದೀತು!

ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದುದು. ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಅಮೆರಿಕದ ವಿಜ್ಞಾನಿಗಳೊಡನೆ ಅವರು 2024ರಲ್ಲಿ ಪ್ರಕಟಿಸಿದ ಕೃತಕ ಪ್ರತಿಕಾಯವು ನಾಗರ, ಕಟ್ಟುಹಾವುಗಳ ನರವಿಷದಿಂದ ಇಲಿಗಳನ್ನು ಕಾಪಾಡಿತು. ಮನುಷ್ಯರಿಗೆ ಅದಿನ್ನೂ ದೂರ. ಸದ್ಯಕ್ಕೆ ಇರುವ ಔಷಧವೇ ಗತಿ, ಮತ್ತು ಅದು ಬೇಗ ಸಿಗಬೇಕು.

ಕೆಲವು ಸದ್ಭಕ್ತರು ಕಡಿತಕ್ಕೊಳಗಾದವರನ್ನು ಮೊದಲು ಮಠಕ್ಕೆ ಕರೆತರುವುದುಂಟು. ದಯಮಾಡಿ ಹಾಗೆ ಮಾಡಬಾರದು. ವಿಭೂತಿಯನ್ನು ವಾಹನದಲ್ಲಿಯೇ ಧರಿಸಬಹುದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಉಂಗುರ, ಬಳೆ, ಕಾಲ್ಗಡಗ ತೆಗೆದು, ಮುರಿದ ಮೂಳೆಗೆ ಆಸರೆ ಕೊಡುವಂತೆ ಅಂಗವನ್ನು ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರಮಾಣದ ಔಷಧ ಕೊಟ್ಟಾಗ ಪಾಲಕರು ಗಾಬರಿಯಾಗುತ್ತಾರೆ. ಹಾವು ಮಗುವೆಂದು ಕಡಿಮೆ ವಿಷ ಬಿಟ್ಟಿರುವುದಿಲ್ಲ.