ಊಟ ಕೆಟ್ಟಿದೆ, ನೀರು ಕೆಟ್ಟಿದೆ ಎನಿಸಿದರೆ: ಪರೀಕ್ಷೆ ಮಾಡಿಸುವ ಹಕ್ಕು

ಸಮಾರಂಭದ ಊಟ ಉಂಡವರಿಗೆ ವಾಂತಿ-ಭೇದಿ ಶುರುವಾಯಿತೆಂದರೆ ಗಾಬರಿಯಲ್ಲಿ ಮಿಕ್ಕ ಅನ್ನ-ಸಾರು ಚರಂಡಿಗೆ ಹೋಗುತ್ತದೆ, ಪಾತ್ರೆಗಳು ತೊಳೆದು ಮುಗಿದಿರುತ್ತವೆ. ರೋಗಾಣು ಇತ್ತೆಂದು ಆಮೇಲೆ ತೋರಿಸುವುದು ಬಲು ಕಷ್ಟ. ಆದ್ದರಿಂದ ಮಿಕ್ಕದ್ದನ್ನು ಕುದಿಯುವ ನೀರಿನಲ್ಲಿ ತೊಳೆದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ಮಲಪರೀಕ್ಷೆ ಆಗಬಹುದೇ ಎಂದು ವೈದ್ಯರನ್ನು ಕೇಳಿ. ಬಿಲ್ಲು, ಚೀಟಿ ಎಲ್ಲವನ್ನೂ ಜೋಪಾನ ಮಾಡಿ. ಅದೇ ದಿನ ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ ಜಿಲ್ಲಾ ಅಂಕಿತ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನೀವು ಎತ್ತಿಟ್ಟ ಡಬ್ಬಿಗಿಂತ, ಅಧಿಕಾರಿ ಕಾನೂನು ಪ್ರಕಾರ ತೆಗೆದ ಮಾದರಿಗೆ ನ್ಯಾಯಾಲಯದಲ್ಲಿ ಹೆಚ್ಚು ಬೆಲೆ.

ಅಧಿಕಾರಿ ಬಾರದಿದ್ದರೂ ದಾರಿಯಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು, ಬಹಳ ಜನ ಎಡವುವುದು ಇಲ್ಲೇ. ವರದಿ 14 ದಿನದೊಳಗೆ ಬರಬೇಕು. ಆಹಾರ ಕಾಯ್ದೆಗೆ ತಕ್ಕಂತಿಲ್ಲವೆಂದು ಬಂದರೆ ಕಟ್ಟಿದ ಶುಲ್ಕ ವಾಪಸ್ಸು. ಆಹಾರದಿಂದ ಹಾನಿಯಾದವರಿಗೆ 65ನೇ ಸೆಕ್ಷನ್‌ನಲ್ಲಿ ಪರಿಹಾರವಿದೆ: ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದಂತೆ 1 ಲಕ್ಷದವರೆಗೆ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಸಲಹೆಗೆ 1915ಕ್ಕೆ ಕರೆ ಮಾಡಬಹುದು.

ಹೋಟೆಲಿನ ಮೇಜು, ಚಾಕು, ಕೈಗಳೂ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ನಿಯಮಗಳ 4ನೇ ಅನುಸೂಚಿಯಂತೆ ಅಡುಗೆಯವರಿಗೆ, ಬಡಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ದಾಖಲೆ ಇಡಬೇಕು. ದೂರಿನಲ್ಲಿ ಆ ದಾಖಲೆ ಪರಿಶೀಲಿಸುವಂತೆಯೂ ಬರೆಯಿರಿ.

ನೀರಿನ ವಿಷಯದಲ್ಲಿ ಮಾನದಂಡ ಸ್ಪಷ್ಟವಾಗಿದೆ. ಐಎಸ್ 10500 ಪ್ರಕಾರ ಕುಡಿಯುವ ನೀರಿನ 100 ಮಿಲಿ ಮಾದರಿಯಲ್ಲಿ ಇ-ಕೊಲೈ ಕಾಣಿಸಲೇಬಾರದು. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ. ಅದರ ಪುಟ್ಟ ಬಾಟಲಿಗೆ ನಲ್ಲಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಒಂದೆರಡು ದಿನದಲ್ಲಿ ನೀರು ಕಪ್ಪಾಗುವುದು ಮಲದ ಬ್ಯಾಕ್ಟೀರಿಯಾ ಬೆರೆತ ಸೂಚನೆ. ಅದು ಸೂಚನೆ ಮಾತ್ರ, ಖಚಿತಪಡಿಸಲು ಪ್ರಯೋಗಾಲಯ ಬೇಕು. ಅಲ್ಲಿಗೆ ಮನೆಯ ಬಾಟಲಿಯಲ್ಲಿ ಒಯ್ಯಬೇಡಿ, ಅವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬಳಸಿ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಫಲಿತಾಂಶ ಬರುವವರೆಗೆ ನೀರು ಕುದಿಸಿಯೇ ಕುಡಿಯಿರಿ.

ಪಂಚಾಯಿತಿ ಹಿಂದೆ ಮಾಡಿಸಿದ ಪರೀಕ್ಷೆಗಳ ವರದಿ ತೋರಿಸದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಸಾಮಾನ್ಯ ಅವಧಿ 30 ದಿನ. ಆದರೆ ಊರಿನಲ್ಲಿ ಜನ ಕಾಯಿಲೆ ಬಿದ್ದಿದ್ದರೆ, ಇದು ಜೀವಕ್ಕೆ ಸಂಬಂಧಿಸಿದ ಮಾಹಿತಿ ಎಂದು ಅರ್ಜಿಯ ಮೇಲ್ಭಾಗದಲ್ಲೇ ಬರೆದು, 7(1)ನೇ ಸೆಕ್ಷನ್ ಪ್ರಕಾರ 48 ಗಂಟೆಯೊಳಗೆ ಕೇಳಿ.