ಖಾಲಿ ತಟ್ಟೆ: ಥ್ರಿಲ್ಲರ್ ಚಿತ್ರಗಳ ಆರಂಭವನ್ನು ಕುರಿತು ಒಂದು ಪಾಠ

ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಮೊಬೈಲ್ ಫೋನಿನಲ್ಲಿ ಒಂದು ಕಿರುಚಿತ್ರವನ್ನು ತೆಗೆಯಬೇಕೆಂದು ಹೊರಟಾಗ, ಅದು ಥ್ರಿಲ್ಲರ್ ಎಂಬ ಜಾತಿಯದೇ ಆಗಿರತಕ್ಕದ್ದೆಂದು ಒಕ್ಕೊರಲಿನಿಂದ ತೀರ್ಮಾನಿಸಿದರು. ಪೂರ್ಣ ಕಥೆಗೆ ನಮ್ಮಲ್ಲಿ ಕಾಲವೂ ಇಲ್ಲ, ಸಾಧನವೂ ಇಲ್ಲ. ಆದಕಾರಣ ಅಂಥ ಕಥೆಯ ಮೊದಲ ಎರಡು ನಿಮಿಷಗಳನ್ನು ಮಾತ್ರ ತೆಗೆಯುವುದೆಂದು ನಾನು ಮೇರೆ ಗೊತ್ತುಮಾಡಿದೆನು. ಮರುದಿನವೇ ಅವರು ಬರೆದು ತಂದ ಕಥೆಯಲ್ಲಿ ಅರ್ಧರಾತ್ರಿಯಿತ್ತು, ಮಿಂಚಿತ್ತು, ಮುಸುಕು ಹಾಕಿಕೊಂಡ ಒಬ್ಬ ಮನುಷ್ಯನಿದ್ದನು, ಅಡಿಗೆಮನೆಯ ಚೂರಿಯಿತ್ತು, ಕೊನೆಗೆ ಒಬ್ಬ ಹುಡುಗಿಯ ಚೀತ್ಕಾರವೂ ಇತ್ತು. ರಕ್ತಕ್ಕೆ ಕುಂಕುಮದ ನೀರು ಸಾಕೋ, ಟೊಮೆಟೊ ಸಾಸ್ ಬೇಕೋ ಎಂಬ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಾಗಿದ್ದವು. ನಾನು ಓದಿ ಮುಗಿಸಿ, "ಚೀರಿದವಳು ಯಾರು? ಅವಳ ಹೆಸರೇನು?" ಎಂದು ಕೇಳಿದೆನು. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. "ಹೆಸರು ಇಟ್ಟಿಲ್ಲ ಟೀಚರ್. ಅವಳು ಮೊದಲಿಗೇ ಸತ್ತುಹೋಗುತ್ತಾಳಲ್ಲ!" ಎಂದು ಒಬ್ಬಳು ಉತ್ತರ ಕೊಟ್ಟಳು.

ಈ ಉತ್ತರದಿಂದಲೇ ನಮ್ಮ ಪಾಠವು ಆರಂಭವಾಯಿತು. ಅದರ ವೃತ್ತಾಂತವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹೆತ್ತವರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದು ನಿಂತು, ಕೊಲೆಯ ಚಿತ್ರಗಳನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠವಾಗಿ ಇಡುವುದು ಯುಕ್ತವೇ ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದು. ಅಂದು ನಾನು ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲ. ಈ ಲೇಖನವನ್ನೇ ಅವರು ನನ್ನ ಉತ್ತರವೆಂದು ಭಾವಿಸಬೇಕಾಗಿ ಬೇಡುತ್ತೇನೆ. ನಾವು ಯಾವ ಚಿತ್ರವನ್ನೂ ಪೂರ್ತಿಯಾಗಿ ನೋಡಲಿಲ್ಲ. ಪ್ರತಿಯೊಂದರ ಮೊದಲ ಭಾಗವನ್ನು, ಅದನ್ನೂ ನಾನು ಮುಂಚಿತವಾಗಿ ಪರೀಕ್ಷಿಸಿದ ಮೇಲೆ, ತರಗತಿಯಲ್ಲಿ ನೋಡಿದೆವು. 1960ರ 'ಸೈಕೋ' ಬೇಕೆಂದು ಬಹಳ ಹಟ ನಡೆಯಿತು. ನಾನು ಒಪ್ಪಲಿಲ್ಲ, ಆ ಚಿತ್ರವು ಎಲ್ಲಿಂದ ಪ್ರಾರಂಭವಾಗುತ್ತದೆಂಬುದನ್ನು ಬಲ್ಲವರು ನನ್ನನ್ನು ಆಕ್ಷೇಪಿಸಲಾರರು.

ಮೊದಲನೆಯ ದಿನ ಯಾವ ಚಿತ್ರವನ್ನೂ ತೋರಿಸದೆ ಒಂದು ದೃಷ್ಟಾಂತವನ್ನು ಮಾತ್ರ ಹೇಳಿದೆನು. ಇದು ಆಲ್‌ಫ್ರೆಡ್ ಹಿಚ್‌ಕಾಕ್ ಎಂಬ ಪ್ರಸಿದ್ಧ ನಿರ್ದೇಶಕರು 1962ರಲ್ಲಿ ಫ್ರೆಂಚ್ ನಿರ್ದೇಶಕರಾದ ಫ್ರಾಂಸ್ವಾ ತ್ರುಫೋ ಅವರೊಡನೆ ನಡೆಸಿದ ದೀರ್ಘ ಸಂಭಾಷಣೆಯಲ್ಲಿ ಬರುವುದು; ಆ ಸಂಭಾಷಣೆಯು 1966ರಲ್ಲಿ ಪುಸ್ತಕವಾಗಿ ಹೊರಬಂದಿತು. ಇಬ್ಬರು ಒಂದು ಮೇಜಿನ ಬಳಿ ಕುಳಿತು ಏನೋ ಲೋಕಾಭಿರಾಮವಾಗಿ ಮಾತಾಡುತ್ತಿದ್ದಾರೆ. ಮೇಜಿನ ಕೆಳಗೆ ಸಿಡಿಗುಂಡು ಇದೆ. ಈ ಸಂಗತಿ ನೋಡುವವರಿಗೆ ತಿಳಿಯದೆ ಗುಂಡು ಒಮ್ಮೆಗೇ ಸಿಡಿದರೆ ಅವರು ಹದಿನೈದು ಸೆಕೆಂಡು ಬೆಚ್ಚಿಬೀಳುವರು. ಗುಂಡು ಅಲ್ಲಿರುವುದೂ ಅದು ಸಿಡಿಯುವ ಗಳಿಗೆಯೂ ಮೊದಲೇ ತಿಳಿದಿದ್ದರೆ, ಅದೇ ಹುರುಳಿಲ್ಲದ ಮಾತುಕತೆಯನ್ನು ಅವರು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುವರು. ಮೊದಲನೆಯದು ಬೆರಗು, ಎರಡನೆಯದು ತಳಮಳ. ನಮ್ಮ ಹುಡುಗಿಯರ ಕಥೆಯಲ್ಲಿ ಚೂರಿಯೂ ಮುಸುಕೂ ಚೀತ್ಕಾರವೂ ಮೊದಲನೆಯ ಜಾತಿಗೆ ಸೇರಿದವುಗಳೇ ಆಗಿದ್ದವೆಂಬುದನ್ನು ಅವರು ತಾವಾಗಿಯೇ ಕಂಡುಕೊಂಡರು.

ಈ ಮಾತಿಗೆ ಒಳ್ಳೆಯ ಉದಾಹರಣೆಯು ಹಿಚ್‌ಕಾಕರ ಚಿತ್ರವಲ್ಲ, ಆರ್ಸನ್ ವೆಲ್ಸ್ ಎಂಬವರು 1958ರಲ್ಲಿ ಹೊರತಂದ 'ಟಚ್ ಆಫ್ ಈವಿಲ್'. ಒಂದು ಕೈ ಸಿಡಿಗುಂಡಿನ ಗಡಿಯಾರವನ್ನು ತಿರುಗಿಸಿ, ಅದನ್ನು ಒಂದು ಮೋಟಾರು ಕಾರಿನ ಹಿಂಭಾಗದಲ್ಲಿ ಇಡುವುದು ಕಾಣುತ್ತದೆ. ಏನೂ ಅರಿಯದ ಗಂಡಸೊಬ್ಬನೂ ಹೆಂಗಸೊಬ್ಬಳೂ ಬಂದು ಆ ಕಾರನ್ನು ಹತ್ತಿ ಹೊರಡುವರು. ಅಲ್ಲಿಂದ ಮುಂದೆ ಮೂರು ನಿಮಿಷಕ್ಕೆ ಮಿಕ್ಕಿ ಕ್ಯಾಮೆರಾ ಎಲ್ಲಿಯೂ ಕಡಿಯದೆ ಮೆಕ್ಸಿಕೋ ದೇಶದ ಗಡಿಯ ಊರೊಂದರ ಬೀದಿಗಳಲ್ಲಿ ತೇಲುತ್ತ ಸಾಗುವುದು. ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ ನಡೆಯುತ್ತ ಬರುವುದು. ಕಾರು ಅವರ ಹತ್ತಿರ ಬರುವುದು, ಅಗಲುವುದು, ಮತ್ತೆ ಹತ್ತಿರವಾಗುವುದು. ಗಡಿಯ ಕಾವಲಿನಲ್ಲಿ ಕಾರಿನೊಳಗಿನ ಹೆಂಗಸು ತನ್ನ ತಲೆಯಲ್ಲಿ ಏನೋ ಟಿಕ್ ಟಿಕ್ ಎನ್ನುತ್ತಿದೆಯೆಂದು ದೂರುವಳು. ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆ ಕ್ಷಣದಲ್ಲಿ "ಇಳಿಯಮ್ಮಾ!" ಎಂದು ಕೂಗಿಯೇಬಿಟ್ಟಳು. ಹಿಚ್‌ಕಾಕರ ದೃಷ್ಟಾಂತಕ್ಕೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಕೇಳಿಲ್ಲ.

ಅವರದೇ ಆದ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' ಎಂಬ 1951ರ ಚಿತ್ರದ ಆರಂಭವನ್ನೂ ನೋಡಿದೆವು. ಅಲ್ಲಿ ಮೊದಮೊದಲು ಮುಖಗಳೇ ಇಲ್ಲ. ಒಂದು ಟ್ಯಾಕ್ಸಿಯಿಂದ ಎರಡು ಬಣ್ಣದ ಷೋಕಿಯ ಬೂಟುಗಳು ಇಳಿಯುವುವು. ಇನ್ನೊಂದರಿಂದ ಸಾದಾ ಬೂಟುಗಳು. ಎದುರುಬದುರು ದಿಕ್ಕುಗಳಿಂದ ನಡೆದು ಒಂದೇ ರೈಲನ್ನು ಸೇರುವುವು. ನಡುವೆ ಒಂದನ್ನೊಂದು ಕೂಡುವ ಕಂಬಿಗಳು ಕಾಣುವುವು. ಕೊನೆಗೆ ಒಂದು ಬೂಟು ಇನ್ನೊಂದಕ್ಕೆ ತಗಲಿ, ಮಾತು ಆರಂಭವಾಗುವುದು. ಆ ಸ್ಪರ್ಶದಿಂದಲೇ ಮುಂದಿನ ಅನರ್ಥವೆಲ್ಲ ಹುಟ್ಟುವುದು. ಹುಡುಗಿಯರಿಗೆ ಇದು ಬಹಳ ಹಿಡಿಸಿತು, ಯಾಕಂದರೆ ಇದಕ್ಕೆ ಖರ್ಚಿಲ್ಲ. ನನಗಾದರೋ ಇದು ಜಾಣತನವಾಗಿ ಕಂಡಿತೇ ಹೊರತು ಎದೆಗೆ ತಾಕಲಿಲ್ಲ.

ಎದೆಗೆ ತಾಕಿದ್ದು ಇವೆಲ್ಲಕ್ಕಿಂತ ಹಳೆಯದಾದ ಒಂದು ಜರ್ಮನ್ ಚಿತ್ರ. ಅದರ ಹೆಸರು ಒಂದೇ ಅಕ್ಷರದ 'ಎಂ', ನಿರ್ದೇಶಕರು ಫ್ರಿಟ್ಸ್ ಲಾಂಗ್, ವರ್ಷ 1931. ಅದು ಅವರ ಮೊದಲನೆಯ ಮಾತಿನ ಚಿತ್ರ. ಅವರೊಡನೆ ಚಿತ್ರಕಥೆಯನ್ನು ಬರೆದವರು ಅವರ ಹೆಂಡತಿ ಥೇಯಾ ಫಾನ್ ಹಾರ್ಬು. (ಈ ಲೇಖಕಿಯು ಮುಂದೆ ನಮ್ಮ ಬೆಳಗಾವಿಯ ಕಡೆಯವರಾದ ಆಯಿ ತೆಂಡುಲ್ಕರ್ ಎಂಬವರನ್ನು ವಿವಾಹವಾದರೆಂಬುದನ್ನು ಹೇಳಿದಾಗ, ತರಗತಿಯು ಚಿತ್ರವನ್ನು ಮರೆತು ಹತ್ತು ನಿಮಿಷ ಅದನ್ನೇ ಚರ್ಚಿಸಿತು.)

ತೆರೆ ಇನ್ನೂ ಕಪ್ಪಾಗಿರುವಾಗಲೇ ಒಂದು ಮಗುವಿನ ದನಿ ಕೇಳಿಸುವುದು. ಬಡವರ ವಠಾರವೊಂದರ ಅಂಗಳದಲ್ಲಿ ಮಕ್ಕಳು ಸುತ್ತಲೂ ನಿಂತು ಆಡುತ್ತಿದ್ದಾರೆ; ಆಟದ ಹಾಡು ಊರನ್ನು ನಡುಗಿಸುತ್ತಿರುವ ಮಕ್ಕಳ ಕೊಲೆಗಾರನನ್ನು ಕುರಿತದ್ದು. ಮೇಲಿನಿಂದ ಒಬ್ಬ ಹೆಂಗಸು ಗದರಿಸುವಳು. ಅವಳು ಬಟ್ಟೆಯ ಬುಟ್ಟಿಯನ್ನು ತಂದುಕೊಟ್ಟು ಹಾಡಿನ ವಿಷಯವಾಗಿ ಗೊಣಗಿದಾಗ, ಒಗೆಯುತ್ತಿರುವ ತಾಯಿ, ಮಕ್ಕಳ ದನಿ ಕೇಳುತ್ತಿರುವವರೆಗಾದರೂ ಅವರು ಅಲ್ಲಿಯೇ ಇದ್ದಾರೆಂದು ತಿಳಿಯುತ್ತದಲ್ಲ ಎಂದು ಸಮಾಧಾನ ಹೇಳುವಳು. ಗೋಡೆಯ ಗಡಿಯಾರ ಹನ್ನೆರಡು ಹೊಡೆಯುವುದು. ತಾಯಿ ಕೈ ಒರೆಸಿಕೊಂಡು ಅಡಿಗೆಗೆ ತೊಡಗುವಳು, ಮೇಜಿನ ಮೇಲೆ ತಟ್ಟೆ ಇಡುವಳು. ಅತ್ತ ಶಾಲೆ ಬಿಟ್ಟಿದೆ. ಎಲ್ಸಿ ಎಂಬ ಪುಟ್ಟ ಹುಡುಗಿ ಚೆಂಡನ್ನು ಪುಟಿಸುತ್ತ ಬರುತ್ತಾಳೆ; ಒಬ್ಬ ಪೋಲೀಸನು ಅವಳನ್ನು ರಸ್ತೆ ದಾಟಿಸುವನು. ಮುಂದೆ ಅವಳು ಚೆಂಡನ್ನು ಒಂದು ಕಂಬಕ್ಕೆ ಹೊಡೆಯುವಳು. ಕಂಬದ ಮೇಲೆ ಅಂಟಿಸಿರುವುದು, ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ 10,000 ಮಾರ್ಕುಗಳ ಬಹುಮಾನವೆಂಬ ಪ್ರಕಟನೆ. ಆ ಕಾಗದದ ಮೇಲೆಯೇ ಟೋಪಿ ಹಾಕಿದ ಒಬ್ಬ ಗಂಡಸಿನ ನೆರಳು ಬೀಳುವುದು. ನೆರಳು ಬಾಗಿ, ಚೆಂಡು ಚೆನ್ನಾಗಿದೆಯೆಂದು ಹೊಗಳಿ, ನಿನ್ನ ಹೆಸರೇನು ಎಂದು ಕೇಳುವುದು. ಅವಳು ಹೆಸರು ಹೇಳುವಳು.

ಇಷ್ಟೇ. ಇನ್ನು ಮುಂದೆ ಕೇಡನ್ನು ನಾವು ಕಾಣುವುದಿಲ್ಲ. ಅವನು ಕುರುಡು ಭಿಕ್ಷುಕನೊಬ್ಬನಿಂದ ಅವಳಿಗೆ ಬೆಲೂನು ಕೊಂಡುಕೊಡುವನು, ಒಂದು ರಾಗವನ್ನು ಸಿಳ್ಳುಹಾಕುತ್ತಿರುವನು. ಮನೆಯಲ್ಲಿ ಮೆಟ್ಟಿಲಿನ ಮೇಲೆ ಹೆಜ್ಜೆಯ ಸಪ್ಪಳವಾಗಿ ತಾಯಿ ಬಾಗಿಲು ತೆರೆದರೆ, ಬಂದವರು ನೆರೆಯ ಮಕ್ಕಳು. ಮತ್ತೆ ಬಾಗಿಲ ಗಂಟೆ. ಈ ಸಲ ಬಂದವನು ರೋಮಾಂಚಕ ಕಥೆಗಳನ್ನು ಕಂತುಕಂತಾಗಿ ಮಾರುವವನು. (ಇಂಥ ಕಥೆಗಳನ್ನೇ ಮಾರುವ ಚಿತ್ರದೊಳಗೆ ಇವನನ್ನು ತಂದು ನಿಲ್ಲಿಸಿದ ನಿರ್ದೇಶಕನು ತನ್ನನ್ನೇ ಸ್ವಲ್ಪ ಚುಚ್ಚಿಕೊಂಡಿರಬೇಕೆಂದು ನನ್ನ ಊಹೆ.) ತಾಯಿ ಗಡಿಯಾರವನ್ನು ನೋಡುವಳು; ಕಿಟಕಿಯಿಂದ ಮಗಳ ಹೆಸರು ಹಿಡಿದು ಕೂಗುವಳು. ಆ ಕೂಗಿನ ಮೇಲೆ ನಾವು ಕಾಣುವುದು ಇವು: ಯಾರೂ ಇಲ್ಲದ ಮೆಟ್ಟಿಲುಗಳ ಸಾಲು, ಬಟ್ಟೆ ಒಣಹಾಕಿದ, ಯಾರೂ ಇಲ್ಲದ ಅಟ್ಟ, ಮೇಜಿನ ಮೇಲೆ ಖಾಲಿ ತಟ್ಟೆ. ಬಳಿಕ ಹುಲ್ಲಿನೊಳಗಿಂದ ಚೆಂಡು ಉರುಳಿ ಬಂದು ನಿಲ್ಲುವುದು. ಬೆಲೂನು ತಂತಿಗಳಲ್ಲಿ ಸಿಕ್ಕಿ, ಒದ್ದಾಡಿ, ಬಿಡಿಸಿಕೊಂಡು ಹೋಗುವುದು.

ಚಿತ್ರ ನಿಂತ ಮೇಲೆ ತರಗತಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ, ಹಿಂದೆ ಚೂರಿಯ ಪಕ್ಷದ ನಾಯಕಿಯಾಗಿದ್ದವಳೇ, "ನಮ್ಮಮ್ಮನೂ ಬಸ್ಸು ತಡವಾದರೆ ಹೀಗೆಯೇ ಬಾಗಿಲಲ್ಲಿ ನಿಂತಿರುತ್ತಾರೆ ಟೀಚರ್. ನಾನು ಬೈಯುತ್ತಿದ್ದೆ," ಎಂದಳು. ಸಭೆಯಲ್ಲಿ ಪ್ರಶ್ನೆ ಕೇಳಿದ ಮಹನೀಯರು ಆ ದಿನ ನಮ್ಮೊಂದಿಗೆ ಇರಬೇಕಾಗಿತ್ತು. ಕೊಲೆಯನ್ನು ತೋರಿಸುವ ಚಿತ್ರಕ್ಕೂ ಕೊಲೆಯಿಂದ ಏನು ಹೋಯಿತೆಂಬುದನ್ನು ತೋರಿಸುವ ಚಿತ್ರಕ್ಕೂ ಇರುವ ಅಂತರವನ್ನು ನಾನು ಸಭೆಯಲ್ಲಿ ವಿವರಿಸಲಾರದೆ ಹೋದೆನು; ತಟ್ಟೆಯು ವಿವರಿಸಿತು. ರಕ್ತವನ್ನು ಕಂಡವನು ಕಣ್ಣು ಮುಚ್ಚಿಕೊಳ್ಳಬಹುದು. ಕಾದಿರುವ ತಟ್ಟೆಯ ಮುಂದೆ ಕಣ್ಣು ಮುಚ್ಚಿಕೊಂಡರೆ ಏನು ಪ್ರಯೋಜನ?

ಶಬ್ದದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಆ ಕೊಲೆಗಾರನನ್ನು ಕೊನೆಗೆ ಗುರುತಿಸುವವನು ಬೆಲೂನು ಮಾರಿದ ಆ ಕುರುಡನೇ, ಸಿಳ್ಳಿನಿಂದಲೇ ಗುರುತಿಸುವನು. ಅದು ನಾರ್ವೆ ದೇಶದ ಗ್ರೀಗ್ ಎಂಬವರ ಸಂಗೀತದ ಒಂದು ತುಣುಕು. ಮಾತಿನ ಚಿತ್ರವು ಹುಟ್ಟಿ ಇನ್ನೂ ನಾಲ್ಕಾರು ವರ್ಷಗಳಾಗಿದ್ದ ಆ ಕಾಲದಲ್ಲಿ ಅನೇಕರು ನಟರನ್ನು ನಿಲ್ಲಿಸಿ ಮಾತಾಡಿಸುವುದರಲ್ಲಿಯೇ ತೃಪ್ತರಾಗಿದ್ದಾಗ, ಒಂದು ಶಬ್ದವನ್ನೇ ಕಥೆಯ ಕೀಲಿಕೈಯನ್ನಾಗಿ ಮಾಡಿದ್ದು ದೊಡ್ಡ ಬುದ್ಧಿ. ನಮ್ಮವರು ಸಿಳ್ಳನ್ನು ಹಾಗೆಯೇ ಎತ್ತಿಕೊಳ್ಳಲು ನೋಡಿದರು. ತಟ್ಟೆಯನ್ನೂ ಎತ್ತಿಕೊಳ್ಳಲು ನೋಡಿದರು. ಸ್ಫೂರ್ತಿ ಬೇರೆ, ಕಳವು ಬೇರೆ ಎಂದು ಹೇಳಿ ಎರಡನ್ನೂ ನಿಷೇಧಿಸಿ, "ನಮ್ಮ ಶಾಲೆಯಲ್ಲಿಯೇ ಹುಡುಕಿ" ಎಂದೆನು.

ಅವರು ಒಂದು ವಾರ ಹುಡುಕಿದರು. ಸಿಕ್ಕಿದ್ದನ್ನು ಕೇಳಿದರೆ ಹಳೆಯ ವಿದ್ಯಾರ್ಥಿನಿಯರು ನಗುವರು: ಸಂಜೆ ಮನೆಗೆ ಓಡುವಾಗ ಚೀಲದಲ್ಲಿ, ಖಾಲಿ ಊಟದ ಡಬ್ಬಿಯೊಳಗೆ, ಚಮಚವು ಗಲಗಲವೆನ್ನುವ ಶಬ್ದ. ನಿಮ್ಮ ಕಾಲದಲ್ಲಿಯೂ ಅದು ಹಾಗೆಯೇ ಇರಲಿಲ್ಲವೇ? ಚಿತ್ರವು ಕಪ್ಪು ತೆರೆಯ ಮೇಲೆ ಈ ಶಬ್ದದಿಂದ ಆರಂಭವಾಗುವುದು. ಬಳಿಕ ವರಾಂಡದ ಕಂಬಿಗೆ ಸಾಲಾಗಿ ತೂಗುಹಾಕಿದ ಒದ್ದೆಯ ಕೊಡೆಗಳು. ಬಿಡುವ ಗಂಟೆ ಹೊಡೆಯುವುದು. ಕೈಗಳು ಬಂದು ಒಂದೊಂದೇ ಕೊಡೆಯನ್ನು ತೆಗೆದುಕೊಂಡು ಹೋಗುವುವು, ಮುಖಗಳು ಕಾಣುವುದಿಲ್ಲ. (ಇಷ್ಟನ್ನು ಬೂಟುಗಳಿಂದ ಸಾಲ ತಂದದ್ದೆಂದು ಒಪ್ಪಿಕೊಳ್ಳುತ್ತೇವೆ.) ಗದ್ದಲ ಅಡಗುವುದು. ಕಾವಲುಗಾರನು ಕೋಣೆಗಳ ಬಾಗಿಲನ್ನು ಒಂದೊಂದಾಗಿ ಹಾಕುತ್ತ ಬರುವನು. ಒಂದು ಕೊಡೆ ಉಳಿದಿದೆ. ಹೊರಗೆ ಮಳೆ ಸುರಿಯುತ್ತಲೇ ಇದೆ. ಮಳೆಯಲ್ಲಿ ಕೊಡೆ ಬಿಟ್ಟು ಯಾರೂ ಹೋಗುವುದಿಲ್ಲವಷ್ಟೆ, ಹಾಗಾದರೆ ಅವಳೆಲ್ಲಿ?

ತೆಗೆಯುವುದು ಬರೆದಷ್ಟು ಸುಲಭವಾಗಲಿಲ್ಲ. ಮೊದಲನೆಯ ಸಲ ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಗಂಟೆಯೂ ಚಮಚವೂ ಮುಳುಗಿಹೋದವು. ಅವುಗಳನ್ನು ಒಂದು ಬಿಸಿಲಿನ ಶನಿವಾರ ಬೇರೆಯಾಗಿ ಧ್ವನಿಮುದ್ರಿಸಿಕೊಂಡು ಸೇರಿಸಬೇಕಾಯಿತು. ಎರಡನೆಯ ಸಲ ಉಳಿದ ಕೊಡೆಯನ್ನು ಬಹಳ ಮುಂಚೆಯೇ ಹತ್ತಿರದಿಂದ ತೋರಿಸಿ ಕೆಡಿಸಿದರು. ವೆಲ್ಸರಂತೆ ಎಲ್ಲವನ್ನೂ ಕಡಿಯದೆ ಒಂದೇ ಓಟದಲ್ಲಿ ತೆಗೆಯಬೇಕೆಂಬ ಆಸೆಯು, ಫೋನು ಹಿಡಿದ ಹುಡುಗಿ ಒದ್ದೆ ನೆಲದಲ್ಲಿ ಜಾರಿಬಿದ್ದಾಗ ಮುಗಿಯಿತು. ಅವಳಿಗೆ ಪೆಟ್ಟಾಗಲಿಲ್ಲ, ಫೋನಿಗೂ ಆಗಲಿಲ್ಲ.

ಕಡೆಯ ತೊಡಕು ಮಾತ್ರ ನಾವು ಯಾರೂ ಎಣಿಸದೆ ಇದ್ದದ್ದು. ಹಿಂದೆ ಈ ಶಾಲೆಯಲ್ಲಿ ಎಲ್ಲರ ಕೊಡೆಯೂ ಕಪ್ಪಾದ್ದರಿಂದ, ತಾಯಂದಿರು ಅಂಚಿನಲ್ಲಿ ಬಿಳಿಯ ದಾರದಿಂದ ಮಗಳ ಹೆಸರನ್ನು ಹೊಲಿದುಕೊಡುತ್ತಿದ್ದರು. ಅದನ್ನು ನಾನು ಹೇಳಿದೊಡನೆ, ಕಾವಲುಗಾರನು ಕೊಡೆಯನ್ನು ಎತ್ತಿಕೊಂಡು ಹೆಸರನ್ನು ಓದುವಲ್ಲಿಗೆ ಚಿತ್ರ ಮುಗಿಯತಕ್ಕದ್ದೆಂದು ಎಲ್ಲರೂ ಒಪ್ಪಿದರು. ಆದರೆ ಯಾರ ಹೆಸರು? ಒಬ್ಬಳೂ ತನ್ನ ಹೆಸರನ್ನು ಕೊಡಲಿಲ್ಲ. ಗೆಳತಿಯ ಹೆಸರನ್ನು ಸೂಚಿಸುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ. ತಮ್ಮ ಮೊದಲನೆಯ ಕಥೆಯಲ್ಲಿ ಹೆಸರನ್ನೇ ಇಡದೆ ಒಬ್ಬಳನ್ನು ನಗುನಗುತ್ತ ಕೊಂದವರೇ ಇವರು. ಎಂಟು ದಿನ ಆ ಕೊಡೆಗೆ ಹೆಸರಿಲ್ಲದೆ ಚಿತ್ರೀಕರಣ ನಿಂತಿತ್ತು. ಕೊನೆಗೆ ಯಾರೋ ಒಂದು ಹೆಸರನ್ನು ಹುಡುಕಿದರು; ಅದು ತರಗತಿಯಲ್ಲಿ ಯಾರದೂ ಅಲ್ಲ. ಅಷ್ಟಕ್ಕೇ ಬಿಡದೆ ಇಬ್ಬರು ಹುಡುಗಿಯರು ಆಫೀಸಿಗೆ ಹೋಗಿ, ಅಪ್ಪಣೆ ಪಡೆದು, ಐದನೆಯ ತರಗತಿಯಿಂದ ಹತ್ತನೆಯದರವರೆಗೆ ಹಾಜರಿ ಪುಸ್ತಕಗಳನ್ನೆಲ್ಲ ಬೆರಳಿಟ್ಟು ನೋಡಿ, ಶಾಲೆಯಲ್ಲಿ ಆ ಹೆಸರಿನವಳು ಒಬ್ಬಳೂ ಇಲ್ಲವೆಂದು ಖಚಿತಮಾಡಿಕೊಂಡು ಬಂದರು. ಆಮೇಲೆಯೇ ಸೂಜಿಗೆ ದಾರ ಪೋಣಿಸಿದರು.