ಫೋನ್ ಹೋದರೂ ಊರಿನ ಖಾತೆ ಉಳಿಯಲಿ

ಕೊಣ್ಣೂರ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಈ ವರ್ಷ ಲಂಡನ್ನಿಗೆ ಬಂದಿಳಿದ ಕುಟುಂಬಗಳಿಗೆ ಬಾಡಿಗೆ ಮನೆ, ಮಕ್ಕಳ ಶಾಲೆ, ಜಿಪಿ ನೋಂದಣಿ ಎಂದು ನೂರೆಂಟು ಓಡಾಟ ಇದ್ದೇ ಇರುತ್ತದೆ. ಅದರ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು ಮನೆಯ ಎಲ್ಲ ಫೋನು, ಟ್ಯಾಬ್‌ಗಳನ್ನು ಮುಂದಿಟ್ಟುಕೊಂಡು ಕೂರಿ. ಲಂಡನ್ನಿನಲ್ಲಿ 2020ರಲ್ಲಿ 28 ಸಾವಿರದಷ್ಟು ಫೋನುಗಳು ಕಳುವಾಗಿದ್ದವು. 2024ರಲ್ಲಿ ಆ ಸಂಖ್ಯೆ 80 ಸಾವಿರ ದಾಟಿತು.

ಊರಿನ ಸಂತೆ, ಜಾತ್ರೆಗಳಲ್ಲಿ ಕಿಸೆಗಳ್ಳರ ಭಯ ನಮಗೆಲ್ಲ ಗೊತ್ತು. ಗದ್ದಲದಲ್ಲಿ ಅಂಗಿಯ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತೇವೆ. ಇಲ್ಲಿಯ ಕಳ್ಳನಿಗೆ ಕಿಸೆ ಬೇಕಾಗಿಲ್ಲ. ಎಲೆಕ್ಟ್ರಿಕ್ ಸೈಕಲ್ ಮೇಲೆ ಹಿಂದಿನಿಂದ ಸದ್ದಿಲ್ಲದೆ ಬಂದು ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಹೋಗುತ್ತಾನೆ. ಅವನಿಗೆ ಸಿಗುವುದು ಲಾಕ್ ತೆರೆದಿರುವ ಫೋನು. ನಮ್ಮ ನಿಜವಾದ ಅಪಾಯ ಇರುವುದು ಅಲ್ಲೇ.

ಹೊಸಬರು ಸಿಕ್ಕಿಬೀಳುವ ಜಾಗವನ್ನು ಹೆಸರಿಟ್ಟೇ ಹೇಳುತ್ತೇನೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರ ಮೂರ್ತಿಯನ್ನು ನೋಡದೆ ನಮ್ಮವರ ಮೊದಲ ರವಿವಾರ ಕಳೆಯುವುದಿಲ್ಲ. ನೋಡಲೇಬೇಕು ಕೂಡ. ಮೂರ್ತಿಯ ಮುಂದೆ ನಿಂತು ಊರಿಗೆ ವಿಡಿಯೊ ಕಾಲ್ ಹಚ್ಚುತ್ತೇವೆ. ಆಚೆಯಿಂದ ಅವ್ವ, “ಇನ್ನಷ್ಟ ಸನೇಕ ಹಿಡಿ ಯಪ್ಪಾ, ಬಸವಣ್ಣನ ಮಾರಿ ಕಾಣವಲ್ದು” ಅನ್ನುತ್ತಾಳೆ. ನಾವು ಕೈ ಚಾಚಿ, ಫೋನಿನ ತೆರೆ ನೋಡುತ್ತ, ರಸ್ತೆಗೆ ಬೆನ್ನು ಹಾಕಿ ಹಿಂದೆ ಹಿಂದೆ ಸರಿಯುತ್ತೇವೆ. ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಬಂದರೆ ಮೂರು ಬಟ್ಟಲಿನ ಆಟ ಹಚ್ಚಿದವರ ಸುತ್ತ ಜನ ಮುತ್ತಿರುತ್ತಾರೆ. ಆ ಗುಂಪಿನಲ್ಲಿ ಜೇಬಿಗೆ ಕೈ ಹಾಕುವವರೂ ಇರುತ್ತಾರೆ.

ಅವ್ವನಿಗೆ ಬಸವಣ್ಣನನ್ನು ತೋರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಗೋಡೆಗೋ ಕಟ್ಟೆಗೋ ಬೆನ್ನು ಕೊಟ್ಟು ನಿಲ್ಲಿ, ಎರಡೂ ಕೈಯಲ್ಲಿ ಫೋನು ಹಿಡಿಯಿರಿ, ಜೊತೆಗಿರುವವರು ರಸ್ತೆಯ ಕಡೆ ಕಣ್ಣಿಟ್ಟಿರಲಿ. ದಾರಿ ನೋಡಬೇಕಾದರೆ ಟ್ಯೂಬ್ ಸ್ಟೇಷನ್ನಿನ ಒಳಗೋ ಅಂಗಡಿಯ ಒಳಗೋ ನಿಂತು ನೋಡಿ, ಆಮೇಲೆ ಫೋನನ್ನು ಒಳಜೇಬಿಗೆ ಹಾಕಿ ನಡೆಯಿರಿ. ಚಿಕ್ಕ ಮಗುವಿರುವ ತಾಯಂದಿರು ತಳ್ಳುಗಾಡಿಯ ಕಪ್ ಇಡುವ ಜಾಗದಲ್ಲಿ ಫೋನು ಇಡುವ ರೂಢಿಯನ್ನು ದಯವಿಟ್ಟು ಬಿಡಬೇಕು. ಹೋಟೆಲಿನ ಮೇಜಿನ ಮೇಲೆ ಫೋನಿದ್ದಾಗ ಯಾರೋ ಬಂದು ನಕಾಶೆಯನ್ನೋ ಕಾಗದವನ್ನೋ ಅದರ ಮೇಲೆ ಹಾಸಿ ಏನಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ಫೋನು ಎತ್ತಿಕೊಳ್ಳಿ. ಕಾಗದ ಎತ್ತುವಾಗ ಅದರ ಕೆಳಗಿನ ಫೋನೂ ಅವರ ಕೈ ಸೇರಿರುತ್ತದೆ.

ಫೋನು ಹೋದರೆ ಇನ್ನೊಂದು ಕೊಳ್ಳಬಹುದು. ನನಗೆ ಹೆಚ್ಚು ಚಿಂತೆ ಅದರೊಳಗಿನ ಉಗುರಗಲದ ಭಾರತದ ಸಿಮ್‌ನದು. ಊರಿನ ಬ್ಯಾಂಕಿನ ಒಟಿಪಿ, ಆಧಾರ್‌ನ ಒಟಿಪಿ, ಯುಪಿಐ, ವಾಟ್ಸ್ಆ್ಯಪ್ ಎಲ್ಲವೂ ಬಹುತೇಕ ಅದೇ ನಂಬರಿಗೆ ಕಟ್ಟಿಕೊಂಡಿರುತ್ತವೆ. ಫೋನು ಲಾಕ್ ಆಗಿದ್ದರೂ ಕಳ್ಳ ಸೂಜಿಯಿಂದ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅವನಿಗೇ ಬರುತ್ತದೆ. ನಾವು ಹೊಸ ಸಿಮ್ ಪಡೆಯಬೇಕೆಂದರೆ ಸಾಮಾನ್ಯವಾಗಿ ಭಾರತದಲ್ಲಿ ಖುದ್ದಾಗಿ ಹಾಜರಾಗಬೇಕು. ಇಷ್ಟು ದೂರದಿಂದ ಗೋಕಾಕದ ಅಂಗಡಿಗೆ ಹೋಗಿ ಬೆರಳಚ್ಚು ಕೊಡುವವರು ಯಾರು?

ಇದಕ್ಕೆ ಎರಡು ದಾರಿಗಳಿವೆ. ಊರು ಬಿಡುವ ಮೊದಲೇ ಜಿಯೊ, ಏರ್‌ಟೆಲ್ ಅಥವಾ ವಿಐ ಸಿಮ್ಮನ್ನು ಇ-ಸಿಮ್‌ಗೆ ಬದಲಿಸಿಕೊಳ್ಳುವುದು ಉತ್ತಮ, ಕಿತ್ತು ತೆಗೆಯಲು ಅಲ್ಲಿ ಏನೂ ಇರುವುದಿಲ್ಲ. ಊರಿನಿಂದ ಹೊರಡಲಿರುವ ಅಣ್ಣ ತಮ್ಮಂದಿರು, ಬೀಗರು ಇದ್ದರೆ ಈ ಮಾತನ್ನು ಇವತ್ತೇ ಮುಟ್ಟಿಸಿ. ಈಗಾಗಲೇ ಬಂದವರು ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿಕೊಳ್ಳಿ. ಆಗ ಬೇರೆ ಫೋನಿಗೆ ಹಾಕಿದ ಕೂಡಲೇ ಸಿಮ್ ಪಿನ್ ಕೇಳುತ್ತದೆ. ಮೊದಲಿಗೆ ಕಂಪನಿ ಕೊಟ್ಟಿರುವ ಪಿನ್ ಯಾವುದೆಂದು ಅವರನ್ನೇ ಕೇಳಿ ತಿಳಿದುಕೊಳ್ಳಿ, ಊಹೆಯ ಮೇಲೆ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬಂದ್ ಆಗಿ ಪಿಯುಕೆ ಸಂಖ್ಯೆ ಬೇಕಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನೂ ಅದೇ ಹೊತ್ತಿಗೆ ಆನ್ ಮಾಡಿ.

ಐಫೋನ್ ಇದ್ದವರಿಗೆ 2024ರ ಜನವರಿಯಲ್ಲಿ, ಐಒಎಸ್ 17.3ರ ಜೊತೆ, ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಬಂತು. ಪರಿಚಿತ ಜಾಗ ಬಿಟ್ಟು ಹೊರಗಿದ್ದಾಗ ಆ್ಯಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಅದು ಮುಖವನ್ನೋ ಬೆರಳನ್ನೋ ಕೇಳುತ್ತದೆ, ಒಂದು ಗಂಟೆ ಕಾಯಿಸಿ ಮತ್ತೊಮ್ಮೆ ಕೇಳುತ್ತದೆ. ನಿಮ್ಮ ಹೆಗಲ ಹಿಂದೆ ನಿಂತು ಪಾಸ್‌ಕೋಡ್ ನೋಡಿಕೊಂಡವನಿಗೂ ದಾರಿ ಮುಚ್ಚುತ್ತದೆ. ಹೊಸ ಊರಿನಲ್ಲಿ ಯಾವುದು ಪರಿಚಿತ ಜಾಗ ಎಂದು ಫೋನಿಗೂ ಇನ್ನೂ ಗೊತ್ತಿರುವುದಿಲ್ಲ, ಆದ್ದರಿಂದ ‘ಆಲ್ವೇಸ್’ ಎಂದೇ ಆರಿಸಿ. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಬಹಳಷ್ಟು ಫೋನುಗಳಲ್ಲಿ ಗೂಗಲ್ ಸೆಟ್ಟಿಂಗ್ಸ್ ಒಳಗೆ ‘ಥೆಫ್ಟ್ ಪ್ರೊಟೆಕ್ಷನ್’ ಸಿಗುತ್ತದೆ. ಕೈಯಿಂದ ಕಿತ್ತುಕೊಂಡು ಓಡಿದ ಎಳೆತವನ್ನು ಗುರುತಿಸಿ ಅದು ತೆರೆಯನ್ನು ತಾನೇ ಲಾಕ್ ಮಾಡುತ್ತದೆ. ಅಲ್ಲೇ ಇರುವ ‘ರಿಮೋಟ್ ಲಾಕ್’ ಆನ್ ಇದ್ದರೆ, ಯಾರದೋ ಫೋನಿನಿಂದ ನಿಮ್ಮ ನಂಬರ್ ಹಾಕಿ ಲಾಕ್ ಮಾಡಬಹುದು. ಮತ್ತೊಂದು ಮಾತು: ಫೋನಿನ ಪಿನ್ ಮತ್ತು ಯುಪಿಐ ಪಿನ್ ಒಂದೇ ಆಗಿರಬಾರದು. ಹುಟ್ಟಿದ ಇಸವಿಯಂತೂ ಬೇಡವೇ ಬೇಡ.

ಟ್ಯಾಬ್ ವಿಷಯದಲ್ಲಿ ನಾವು ಇನ್ನೂ ಸಡಿಲ. ಮಕ್ಕಳು ಕಾರ್ಟೂನ್ ನೋಡುವುದಕ್ಕೆ ಎಂದು ಲಾಕ್ ತೆಗೆದಿರುತ್ತೇವೆ, ಒಳಗೆ ತಾಯಿಯ ಜಿಮೇಲ್ ತೆರೆದೇ ಇರುತ್ತದೆ. ಕಾರಿನ ಹಿಂದಿನ ಸೀಟಿನಿಂದ ಆ ಟ್ಯಾಬ್ ಹೋಯಿತೆಂದರೆ, ಕಳ್ಳ ಅದೇ ಜಿಮೇಲ್‌ನಿಂದ ಉಳಿದ ಪಾಸ್‌ವರ್ಡುಗಳನ್ನೂ ಬದಲಿಸಬಲ್ಲ. ಇಲ್ಲಿಯ ಇ-ವೀಸಾ ಖಾತೆಗೆ ಒಳಹೋಗುವ ಕೋಡ್ ಕೂಡ ಮೇಲ್‌ಗೋ ಫೋನಿಗೋ ಬರುವಂಥದ್ದು. ಮಕ್ಕಳಿಗೆ ಮಕ್ಕಳದೇ ಖಾತೆ ಮಾಡಿಕೊಡಿ. ವೈಫೈ ಮಾತ್ರ ಇರುವ ಟ್ಯಾಬ್‌ಗೆ ಐಎಂಇಐ ಇರುವುದಿಲ್ಲ, ಅದರ ಸೀರಿಯಲ್ ನಂಬರ್ ಬರೆದಿಡಬೇಕು.

ಫೋನಿನ ಐಎಂಇಐ 15 ಅಂಕಿಗಳದು, ಎರಡು ಸಿಮ್ಮಿನ ಫೋನಿಗೆ ಎರಡಿರುತ್ತವೆ. *#06# ಒತ್ತಿದರೆ ಕಾಣುತ್ತದೆ. ಊರಲ್ಲಿ ಕೊಂಡ ಫೋನಿನ ಡಬ್ಬಿ, ಬಿಲ್ಲು ಕೊಣ್ಣೂರಿನ ಮನೆಯ ತಿಜೋರಿಯಲ್ಲೇ ಉಳಿದಿದ್ದರೆ ಅವುಗಳ ಫೋಟೊ ತರಿಸಿಕೊಳ್ಳಿ. ನಂಬರನ್ನು ಕಾಗದದ ಮೇಲೂ ಬರೆಯಿರಿ, ಜೊತೆಗೆ ಬ್ಯಾಂಕಿನ ವಿದೇಶಿ ಸಹಾಯವಾಣಿ, ಗಂಡ ಹೆಂಡತಿ ಇಬ್ಬರ ಇಲ್ಲಿಯ ನಂಬರ್ ಇರಲಿ. ಫೋನಿನೊಳಗೆ ಮಾತ್ರ ಇರುವ ನಂಬರ್ ಫೋನು ಹೋದ ದಿನ ಕೆಲಸಕ್ಕೆ ಬರುವುದಿಲ್ಲ.

ಅಕಸ್ಮಾತ್ ಹೋಗಿಬಿಟ್ಟರೆ ಬೆನ್ನಟ್ಟಬೇಡಿ. ಜೊತೆಗಿದ್ದವರ ಫೋನಿನಿಂದ ಮೊದಲು ಲಾಕ್ ಮಾಡಿ, ಆಮೇಲೆ ಊರಿನ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ. ಇಲ್ಲಿಯ ಮೊಬೈಲ್ ಕಂಪನಿಗೆ ಹೇಳಿ ಸಿಮ್ ಮತ್ತು ಐಎಂಇಐ ಎರಡನ್ನೂ ಬಂದ್ ಮಾಡಿಸಿ. ಕಳ್ಳ ಇನ್ನೂ ಅಲ್ಲೇ ಇದ್ದರೆ ಅಥವಾ ಪೆಟ್ಟಾಗಿದ್ದರೆ 999, ಇಲ್ಲದಿದ್ದರೆ 101 ಅಥವಾ ಪೊಲೀಸರ ಆನ್‌ಲೈನ್ ದೂರು. ಅವರು ಕೊಡುವ ಕ್ರೈಮ್ ರೆಫರೆನ್ಸ್ ನಂಬರ್ ವಿಮೆಗೆ ಬೇಕೇ ಬೇಕು. ಖಾತೆಯಿಂದ ಹಣ ಹೋಗಿದ್ದರೆ ಊರಿನವರು ತಡಮಾಡದೆ ಭಾರತದ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ರಜೆಗೆ ಊರಿಗೆ ಹೋದಾಗ ಫೋನು ಕಳುವಾದರೆ, ಪೊಲೀಸ್ ದೂರಿನ ಪ್ರತಿಯೊಂದಿಗೆ 2023ರ ಮೇ ತಿಂಗಳಿಂದ ದೇಶಾದ್ಯಂತ ಇರುವ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್‌ನಲ್ಲಿ ಐಎಂಇಐ ಬಂದ್ ಮಾಡಿಸಬಹುದು.

ಜಾಡು ಹಿಡಿಯುವ ಸೌಲಭ್ಯ ಆನ್ ಇರಬೇಕು, ಅದರಿಂದ ನಿಜಕ್ಕೂ ಉಪಯೋಗವಿದೆ. 2024ರ ಕ್ರಿಸ್‌ಮಸ್ ಹಿಂದಿನ ದಿನ ಒಬ್ಬರ ಐಫೋನ್ ಹೀಥ್ರೊ ಬಳಿಯ ಗೋದಾಮೊಂದರಲ್ಲಿ ಇರುವುದು ಹಾಗೆ ಗೊತ್ತಾಯಿತು. ಅದಿದ್ದ, ಹಾಂಕಾಂಗ್‌ಗೆ ಹೊರಟಿದ್ದ ಪೆಟ್ಟಿಗೆಯಲ್ಲಿ ಇನ್ನೂ ಸುಮಾರು 900 ಫೋನುಗಳಿದ್ದವು. ಆ ಎಳೆ ಹಿಡಿದ ಪೊಲೀಸರು, ವರ್ಷದಲ್ಲಿ 40 ಸಾವಿರದವರೆಗೆ ಕದ್ದ ಫೋನುಗಳನ್ನು ಚೀನಾಕ್ಕೆ ಸಾಗಿಸಿರಬಹುದೆಂಬ ಶಂಕೆಯ ಜಾಲವನ್ನು ಭೇದಿಸಿದರು. ಆದರೆ ನಕಾಶೆಯಲ್ಲಿ ಕಂಡ ಚುಕ್ಕೆಯ ಬೆನ್ನು ಹತ್ತಿ ನೀವೇ ಹೋಗಬೇಡಿ, ಪೊಲೀಸರಿಗೆ ತಿಳಿಸಿ.

ಕೆಲವು ದಿನಗಳ ಮೇಲೆ “ನಿಮ್ಮ ಫೋನು ಸಿಕ್ಕಿದೆ, ಈ ಲಿಂಕ್ ಒತ್ತಿ” ಎಂಬ ಮೆಸೇಜು ಬರಬಹುದು. ಬೆದರಿಕೆಯೂ ಬರಬಹುದು. ಅವರಿಗೆ ಬೇಕಾಗಿರುವುದು ನಿಮ್ಮ ಪಾಸ್‌ವರ್ಡ್. ಲಿಂಕ್ ಒತ್ತಬೇಡಿ, ಖಾತೆಯಿಂದ ಆ ಫೋನನ್ನು ತೆಗೆಯಲೂ ಬೇಡಿ. ತೆಗೆದರೆ ಬೀಗ ಬಿಚ್ಚಿಕೊಟ್ಟ ಹಾಗೆ. ಊರಿನ ಹಿರಿಯರಿಗೂ ಮೊದಲೇ ಹೇಳಿಡಿ: ಮಗನ ವಾಟ್ಸ್ಆ್ಯಪ್‌ನಿಂದ “ತುರ್ತಾಗಿ ರೊಕ್ಕ ಕಳಿಸು” ಎಂದು ಬಂದರೆ ಸೊಸೆಯ ನಂಬರಿಗೆ ಕರೆ ಮಾಡಿ, ದನಿ ಕೇಳಿದ ಮೇಲೆಯೇ ಮುಂದಿನ ಮಾತು.

ಸೆಟ್ಟಿಂಗ್ಸ್ ತಾವಾಗಿ ಮಾಡಿಕೊಳ್ಳಲು ಬಾರದವರು ಇಲ್ಲಿಯ ನಮ್ಮವರ ಕೂಟದ ಮುಂದಿನ ಸಭೆಗೆ ಫೋನು, ಟ್ಯಾಬ್ ಎರಡನ್ನೂ ಚಾರ್ಜ್ ಮಾಡಿಕೊಂಡು ತನ್ನಿ. ಒಟ್ಟಿಗೆ ಕೂತು ಮಾಡೋಣ. ಪಿನ್ನುಗಳನ್ನು ಮಾತ್ರ ನೀವೇ ಒತ್ತಬೇಕು, ನಮಗೂ ಹೇಳಬಾರದು.